ಲಂಗರಿನ ಹಗ್ಗ

ನಮ್ಮ ಉಣಕಲ್ಲಿನವರಿಗೂ ಲಂಗರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಏನೂ ಇಲ್ಲವೆಂದು ಹೇಳುವುದೇ ಮೇಲು. ನಮ್ಮೂರಿನಲ್ಲಿ ನೀರೆಂದರೆ ಕೆರೆ. ಸುಮಾರು 200 ಎಕರೆಯ ಆ ಕೆರೆಯೇ ನಮ್ಮ ಪಾಲಿನ ಸಮುದ್ರ. ಅದಕ್ಕೆ ಭರತ ಇಳಿತ ಇಲ್ಲವೆನ್ನುವಂತಿಲ್ಲ. ಮಳೆಗಾಲದಲ್ಲಿ ಒಮ್ಮೆ ಏರುತ್ತದೆ, ಬೇಸಿಗೆಯಲ್ಲಿ ಒಮ್ಮೆ ಇಳಿಯುತ್ತದೆ. ಕಡಲು ದಿನಕ್ಕೆ ಎರಡು ಸಲ ಮಾಡುವ ಕೆಲಸವನ್ನು ನಮ್ಮ ಕೆರೆ ವರುಷಕ್ಕೆ ಒಂದೇ ಸಲ ಮಾಡಿ ಕೈತೊಳೆದುಕೊಳ್ಳುತ್ತದೆ. ಇಂಥ ನೀರಿನಲ್ಲಿ ದೋಣಿಯನ್ನು ದಂಡೆಯ ಗೂಟಕ್ಕೆ ಕಟ್ಟಿ ಮನೆಗೆ ಹೋಗಿ ಮಲಗಿದರಾಯಿತು. ಲಂಗರು ಎಂಬ ಶಬ್ದವೇ ನಮಗೆ ಬೇಕಾಗಿಲ್ಲ.

ಆ ಶಬ್ದವೂ ನಮ್ಮದಲ್ಲ, ಫಾರಸಿಯಿಂದ ಬಂದದ್ದು. ಉಪ್ಪುನೀರಿನಲ್ಲಿ ಹಡಗನ್ನು ಹಿಡಿದು ನಿಲ್ಲಿಸುವ ಕಬ್ಬಿಣಕ್ಕೂ, ಗುರುದ್ವಾರದಲ್ಲಿ ಬಂದ ಬಂದವರನ್ನೆಲ್ಲ ಕೂರಿಸಿ ಬಡಿಸುವ ಊಟಕ್ಕೂ ಒಂದೇ ಹೆಸರು ಎಂಬುದು ಎಷ್ಟು ಚೆಂದ! ದಾರಿಯಲ್ಲಿ ಹೋಗುವವರು ಸ್ವಲ್ಪ ಹೊತ್ತು ನಿಂತು, ಮತ್ತೆ ಮುಂದೆ ಹೋಗುವ ಜಾಗಗಳಲ್ಲವೇ ಅವೆರಡೂ?

ಆದರೂ ನಮಗೂ ಕಡಲಿಗೂ ಪೂರ್ತಿ ಸಂಬಂಧವಿಲ್ಲವೆಂದು ಹೇಳಿದರೆ ನಮ್ಮ ಹತ್ತಿ ಮುನಿಸಿಕೊಂಡೀತು. ನೂರೈವತ್ತು ವರುಷಗಳ ಹಿಂದೆ ಮುಂಬಯಿಯ ಪೇಟೆಯಲ್ಲಿ ಧಾರವಾಡ ಸೀಮೆಯ ಹತ್ತಿಗೆ ‘ಕುಮಟಾ’ ಎಂದು ಹೆಸರಿತ್ತು. ಕುಮಟೆಯಲ್ಲಿ ತೆಂಗು ಬೆಳೆದೀತು, ಭತ್ತ ಬೆಳೆದೀತು. ಹತ್ತಿ ಎಲ್ಲಿಂದ ಬರಬೇಕು? ನಮ್ಮ ಎರಿಹೊಲದಲ್ಲಿ ಅರಳಿದ ಹತ್ತಿ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು, ಕುಮಟೆಯ ಬಂದರದಲ್ಲಿ ಹಾಯಿಯ ಹಡಗು ಹತ್ತುತ್ತಿತ್ತು. ಹುಟ್ಟಿದ ಊರಿನ ಹೆಸರು ಹೋಗಿ, ದೋಣಿ ಹತ್ತಿದ ಊರಿನ ಹೆಸರು ಅದಕ್ಕೆ ಅಂಟಿತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ಬರುವುದು ನಿಂತಾಗ ನಮ್ಮ ಹತ್ತಿಯ ಮೇಲೆ ಎಲ್ಲರ ಕಣ್ಣೂ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರದ ಬಂದರ ಮತ್ತು ಧಾರವಾಡದ ಹತ್ತಿಯ ವಿಚಾರವಿತ್ತು. ಮುಂದೆ 1880ರ ದಶಕದಲ್ಲಿ ರೈಲು ಬಂದು, ಹುಬ್ಬಳ್ಳಿಯ ಮಾಲು ಮಾರ್ಮಗೋವೆಗೆ ಹೋಗತೊಡಗಿದ ಮೇಲೆ ಕುಮಟೆಯ ಬಂಡಿಗಳು ನಿಂತವು.

ಆ ಬಂಡಿಗಳಲ್ಲಿ ಒಂದನ್ನು ಹೊಡೆದವನು ನನ್ನ ಮುತ್ತಜ್ಜ. ಊರಿನಲ್ಲಿ ಸಮುದ್ರ ಕಂಡು ಬಂದವನು ಅವನೊಬ್ಬನೇ ಆದ್ದರಿಂದ ಎಲ್ಲರೂ ಸುತ್ತುಗಟ್ಟಿ ಕೇಳುತ್ತಿದ್ದರಂತೆ. ಅವನ ವರ್ಣನೆ ಎರಡೇ ಮಾತಿನದು: “ದೊಡ್ಡ ಕೆರಿ. ಆಚಿ ದಂಡಿ ಕಾಣಂಗಿಲ್ಲ.”

ನಾನು ಆ ಕೆರೆಯನ್ನು ಕಂಡದ್ದು 1965ರಲ್ಲಿ. ಆಗ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದೆ. ನಮ್ಮ ಮನೆಯ ಗಾಳಿ ಆ ದಿನಗಳಲ್ಲಿ ಸರಿಯಿರಲಿಲ್ಲ. ಮೂರು ವರುಷದ ಹಿಂದೆ ನನ್ನ ಅಣ್ಣ ಅಪ್ಪನ ಮಾತು ಮೀರಿ ಮುಂಬಯಿಗೆ ಹೋಗಿದ್ದ. ಅಲ್ಲಿ ಒಂದು ಗಿರಣಿಯಲ್ಲಿ ಕೆಲಸ ಹಿಡಿದಿದ್ದ. ಮೊದಮೊದಲು ಅವನಿಂದ ಕಾರ್ಡು ಬರುತ್ತಿದ್ದವು. ಅಪ್ಪ ಅವನ್ನು ಮುಟ್ಟುತ್ತಿರಲಿಲ್ಲ. “ಎರಡು ಕೂರಿಗಿ ಭೂಮಿ ಬಿಟ್ಟು ಇನ್ನೊಬ್ಬರ ಗಿರಣಿ ಕಸ ಹೊಡಿಯಾಂವ ನನ್ನ ಮಗಾ ಅಲ್ಲ. ಅವನ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ” ಎಂದುಬಿಟ್ಟ. ಅವ್ವ ಹೆಸರು ತೆಗೆಯಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಲೆಕ್ಕ ತಪ್ಪಿ ಒಬ್ಬನ ಪಾಲಿನ ರೊಟ್ಟಿಯನ್ನು ಹೆಚ್ಚಿಗೆ ಬಡಿಯುತ್ತಿದ್ದಳು. ಅದು ಮೂರು ವರುಷ ತಪ್ಪುತ್ತಲೇ ಇದ್ದ ಲೆಕ್ಕ.

ಒಬ್ಬ ಕೈಬಿಟ್ಟು ಹೋದ ಮೇಲೆ ಉಳಿದವನ ಮೇಲೆ ಕಾವಲು ಇಮ್ಮಡಿಯಾಗುವುದು ಲೋಕರೂಢಿ. ಪರೀಕ್ಷೆ ಮುಗಿದೊಡನೆ ನಾನು ಹೊಲಕ್ಕೆ ಇಳಿಯಬೇಕು, ಹುಬ್ಬಳ್ಳಿಯ ಆಚೆಗೆ ನೌಕರಿಯ ಮಾತೆತ್ತಬಾರದು ಎಂದು ಅಪ್ಪ ಗೆರೆ ಕೊರೆದಿಟ್ಟಿದ್ದ. ನಾನು ಎದುರಾಡಲಿಲ್ಲ. ಆದರೆ ಒಳಗೊಳಗೇ ಮುಂಬಯಿಯ ರೈಲಿನ ವೇಳೆ ನೋಡಿಕೊಳ್ಳುತ್ತಿದ್ದೆ. ಅಂಥದರಲ್ಲಿ ತದಡಿಯ ಕಡೆಯ ನನ್ನ ಸಹಪಾಠಿಯೊಬ್ಬ ತನ್ನ ಊರಿಗೆ ಕರೆದ. ಹತ್ತಿ ಬಿಡಿಸುವ ಹೊತ್ತಿಗೆ ಹಿಂದಿರುಗಬೇಕೆಂಬ ಕರಾರಿನ ಮೇಲೆ ಅಪ್ಪ ನಾಲ್ಕು ದಿನಗಳ ರಜೆ ಕೊಟ್ಟ.

ತದಡಿ ಅಘನಾಶಿನಿಯು ಕಡಲು ಸೇರುವಲ್ಲಿಯ ಸಣ್ಣ ಬಂದರ. ಗೆಳೆಯನ ಸೋದರಮಾವ ಹೆಂಚಿನ ವ್ಯಾಪಾರಿ. ಮಂಗಳೂರಿನಿಂದ ಹೆಂಚು ತುಂಬಿಕೊಂಡು ಬಂದ ಒಂದು ಮಚವೆ ಅರ್ಧ ಮಾಲನ್ನು ಅಲ್ಲಿ ಇಳಿಸಿ, ಉಳಿದರ್ಧವನ್ನು ಕಾರವಾರಕ್ಕೆ ಒಯ್ಯುವುದಿತ್ತು. ಹಾಯಿಯ ಹಡಗುಗಳು ಸರಕು ಹೊರುತ್ತಿದ್ದ ಕೊನೆಯ ಕಾಲವದು. “ಬಸ್ಸಿನಾಗ ಎಲ್ಲಾರೂ ಹೋಗತಾರ, ನಾವು ಇದರಾಗ ಹೋಗೋಣ” ಎಂದು ನಾನೇ ಹಟ ಹಿಡಿದೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವನು ಹೆಂಚಿನ ರಾಶಿಯ ಮೇಲೆ ಕುಳಿತು ಸಮುದ್ರಯಾನ ಮಾಡಿದೆನೆಂದು ಹೇಳಿಕೊಳ್ಳುವ ಆಸೆ.

ಮಚವೆಯ ತಾಂಡೇಲರು ಅರುವತ್ತು ಮೀರಿದ ಖಾರ್ವಿ ಮುದುಕರು. ಮನೆಮಾತು ಕೊಂಕಣಿ, ನನ್ನೊಡನೆ ಕನ್ನಡ. ಆ ಕನ್ನಡದಲ್ಲಿ ನನ್ನನ್ನು ‘ತಮಾ’ ಎಂದು ಕರೆದರು. ಅವರ ಕೈಕೆಳಗೆ ಐದು ಜನ ಖಲಾಸಿಗಳು.

ಅಮಾವಾಸ್ಯೆಯ ಮರುದಿನ, ಕೋಳಿ ಕೂಗುವ ಮೊದಲೇ, ಇಳಿತದ ನೀರಿನೊಡನೆ ತದಡಿಯ ಅಳಿವೆ ದಾಟಿದೆವು. ಅಷ್ಟು ಬೇಗ ಹೊರಡುವುದಕ್ಕೆ ಕಾರಣವಿದೆ. ಚಳಿಗಾಲ ಬೇಸಿಗೆಗಳಲ್ಲಿ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಗಾಳಿ. ಸೂರ್ಯ ಏರಿ ನೆಲ ಕಾದಾಗ ಕಡಲಿನಿಂದ ನೆಲದ ಕಡೆಗೆ ಬೀಸುವುದು ಒಂದು. ರಾತ್ರಿ ನೆಲ ತಣ್ಣಗಾದಾಗ ಘಟ್ಟದ ಕಡೆಯಿಂದ ಕಡಲಿಗೆ ಇಳಿಯುವುದು ಇನ್ನೊಂದು. ಹಗಲಿನ ಗಾಳಿ ವಾಯವ್ಯದ್ದು. ಬಡಗಣಕ್ಕೆ ಹೋಗುವವರಿಗೆ ಎದುರು ಬರುವಂಥದು. ಆದ್ದರಿಂದ ಬಡಗಣಕ್ಕೆ ಹೋಗುವ ಹಾಯಿಯವರು ನಸುಕಿನ ನೆಲಗಾಳಿಯಲ್ಲಿ ಆದಷ್ಟು ದೂರ ಸಾಗಿ, ಮಧ್ಯಾಹ್ನ ಕಡಲಗಾಳಿ ಎದ್ದಾಗ ಯಾವುದಾದರೊಂದು ಮರೆಯ ಕೊಲ್ಲಿ ಹೊಕ್ಕು ಲಂಗರು ಹಾಕುತ್ತಿದ್ದರು. ಗಾಳಿಯ ಎದುರು ಕಾದಾಡುವುದಕ್ಕಿಂತ ಅದು ತಿರುಗುವ ತನಕ ಕಾಯುವುದು ಅವರ ಪದ್ಧತಿ. ಕಾಯುವುದೂ ಪ್ರಯಾಣದ ಒಂದು ಭಾಗವೆಂದು ತಿಳಿದ ಜನ.

ನನ್ನ ಹೊಟ್ಟೆಯ ಪಾಡನ್ನು ಇಲ್ಲಿ ವಿಸ್ತರಿಸುವುದಿಲ್ಲ. ಗಂಗಾವಳಿಯ ಅಳಿವೆ ದಾಟುವ ತನಕ ನಾನು ಮೇಲೆ ಆಕಾಶ, ಕೆಳಗೆ ಹೆಂಚು ಇವೆರಡನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬೇಲೇಕೇರಿ ಹಿಂದಾದ ಮೇಲೆ ಕಣ್ಣು ಬಿಟ್ಟೆ. ಬಿಣಗಾದ ಎದುರಿಗೆ ಅಂಜದೀವ ದ್ವೀಪ ಹಸಿರಾಗಿ ಮಲಗಿತ್ತು. ವಾಸ್ಕೋ ಡ ಗಾಮ 1498ರಲ್ಲಿ ಹಿಂದಿರುಗುವಾಗ ಹಡಗು ನಿಲ್ಲಿಸಿ ರಿಪೇರಿ ಮಾಡಿಕೊಂಡ ಜಾಗವದು. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷರ ದಂಡಿಗೆ ಪೋರ್ತುಗೀಜರು ಊರನ್ನು ಬಿಟ್ಟುಕೊಡಲಿಲ್ಲ. ಆ ದಂಡಿನವರು ಇಲ್ಲಿ ಇಳಿದು ಎರಡು ವರುಷಕ್ಕೂ ಮಿಕ್ಕಿ ಕಾದರು. ಸುಮಾರು 400 ಜನರಲ್ಲಿ ಬಹುಪಾಲು ಜನ, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ, ಇಲ್ಲಿಯೇ ಸತ್ತರು. ಉಳಿದ ಕೆಲವರು 1665ರಲ್ಲಿ ಮುಂಬಯಿಯನ್ನು ಪಡೆದರು. ಗಾಳಿಗೆ ಮರೆಯಾದ ತಾಣವೆಲ್ಲ ಜೀವಕ್ಕೂ ಮರೆಯಾದೀತೆಂದಲ್ಲ.

ಮಧ್ಯಾಹ್ನ ಕಡಲಗಾಳಿ ಏಳುವ ಹೊತ್ತಿಗೆ ಕಾರವಾರದ ಭೂಶಿರದ ಎದುರಿಗಿದ್ದೆವು. ಎಡಕ್ಕೆ ದೇವಗಡದ ನಡುಗಡ್ಡೆ. ಅದರ ನೆತ್ತಿಯ ದೀಪಸ್ತಂಭ 1864ರದು. ಬಲಕ್ಕೆ ತಿರುಗಿ ಗುಡ್ಡದ ಮೊಣಕೈ ಬಳಸಿದರೆ ಬೈತಖೋಲ. ‘ಕ್ಷೇಮದ ಕೊಲ್ಲಿ’ ಎಂಬರ್ಥದ ಅರಬ್ಬೀ ಮಾತಿನಿಂದ ಆ ಹೆಸರು ಬಂತೆಂದು ಹೇಳುವವರುಂಟು. ಶಬ್ದದ ಹುಟ್ಟು ಏನೇ ಇರಲಿ, ಅರ್ಥವಂತೂ ಸುಳ್ಳಲ್ಲ. ಹೊರಗೆ ಅಲೆ ಬಂಡೆಗೆ ಬಡಿಯುತ್ತಿದ್ದಾಗ, ಗುಡ್ಡದ ಮರೆ ಹೊಕ್ಕೊಡನೆ ನೀರು ಎಣ್ಣೆಯಂತೆ ಸುಮ್ಮನಾಯಿತು. ನನ್ನ ಹೊಟ್ಟೆಯೂ ಸುಮ್ಮನಾಯಿತು. ಇಷ್ಟು ಚೆಲುವಾದ ಕಾರವಾರಕ್ಕೆ ರವೀಂದ್ರನಾಥ ಠಾಕೂರರು ಹರೆಯದಲ್ಲಿ ಬಂದು, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದು, ಒಂದು ಬೆಳುದಿಂಗಳ ರಾತ್ರಿ ಕಾಳಿಯಲ್ಲಿ ದೋಣಿಯಲ್ಲಿ ಹೋಗಿ ಬಂದುದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ನಮಗೆ ಬೆಳುದಿಂಗಳಿರಲಿಲ್ಲ, ಹೆಂಚುಗಳಿದ್ದವು.

ಲಂಗರು ಹಾಕುವುದೆಂದರೆ ಕಬ್ಬಿಣವನ್ನು ನೀರಿಗೆ ಎಸೆಯುವುದು ಎಂದು ನಾನು ತಿಳಿದಿದ್ದೆ. ಅಲ್ಲಿ ನೋಡಿದರೆ ಅದೊಂದು ಸಣ್ಣ ಮದುವೆಯಷ್ಟು ಲೆಕ್ಕಾಚಾರದ ಕೆಲಸ. ಮೊದಲು ಒಬ್ಬ ಖಲಾಸಿ ಸೀಸದ ಗುಂಡು ಕಟ್ಟಿದ ಹುರಿಯನ್ನು ನೀರಿಗೆ ಬಿಟ್ಟ. ಎಳೆದು, ಎರಡೂ ತೋಳು ಚಾಚಿ ಅಳೆದ: ಒಂದು ಮಾರು, ಎರಡು ಮಾರು, ಮೂರು. ನನಗೆ ಆನಂದವಾಯಿತು. ನಮ್ಮೂರಿನಲ್ಲಿ ಬಾವಿಯ ಹಗ್ಗವನ್ನು ಅಳೆಯುವುದೂ ಹೀಗೆಯೇ. ಇಂಗ್ಲಿಷ್ ನಾವಿಕರ ಫ್ಯಾದಮ್ ಕೂಡ ಚಾಚಿದ ಎರಡು ತೋಳುಗಳ ಅಳತೆಯೇ. ಅಪ್ಪಿಕೊಳ್ಳುವುದು ಎಂಬುದು ಆ ಶಬ್ದದ ಹಳೆಯ ಅರ್ಥ. ಜಗತ್ತಿನ ಎಲ್ಲ ಕಡೆಯೂ ಮನುಷ್ಯ ನೀರಿನ ಆಳವನ್ನು ತನ್ನ ತೋಳುಗಳಿಂದಲೇ ಅಳೆದಿದ್ದಾನೆ.

ಗುಂಡಿನ ಬುಡಕ್ಕೆ ಹಚ್ಚಿದ್ದ ಜಿಡ್ಡಿಗೆ ಕಡಲತಳದ ಮಣ್ಣು ಮೆತ್ತಿಕೊಂಡು ಬಂದಿತ್ತು. ತಾಂಡೇಲರು ಅದನ್ನು ಬೆರಳಿನಿಂದ ಉಜ್ಜಿ, “ಕೆಸರು. ಒಳ್ಳೇದು” ಎಂದರು. ಬಂಡೆಯಾದರೆ ಲಂಗರಿನ ಕೊಕ್ಕೆ ಜಾರುತ್ತದೆ, ಇಲ್ಲವೆ ಸಂದಿಯಲ್ಲಿ ಸಿಕ್ಕು ಮೇಲೆ ಬರುವುದೇ ಇಲ್ಲ. ಮರಳು ನಡೆದೀತು. ಜಿಗುಟು ಕೆಸರು ಎಲ್ಲಕ್ಕೂ ಮೇಲು. ಮಳೆಗಾಲದ ಎರಿಹೊಲದಲ್ಲಿ ಚಪ್ಪಲಿ ಕಳೆದುಕೊಂಡವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಹಾಯಿ ಇಳಿಸಿ, ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿದರು. ಮಚವೆಯ ಓಟ ಸತ್ತು, ಅದು ಹಿಂದೆ ಸರಿಯತೊಡಗಿದಾಗ ನಾಲ್ಕು ಕೊಕ್ಕೆಯ ಲಂಗರನ್ನು ಮೆಲ್ಲನೆ ಇಳಿಬಿಟ್ಟರು. ಅದು ತಳ ಮುಟ್ಟಿದ ಮೇಲೂ ಕತ್ತದ ದಪ್ಪ ಹಗ್ಗವನ್ನು ಬಿಡುತ್ತಲೇ ಹೋದರು. ನಾನು ಎಣಿಸುತ್ತಿದ್ದೆ: ಹತ್ತು ಮಾರು, ಹದಿನೈದು, ಇಪ್ಪತ್ತು. ಮೂರು ಮಾರಿನ ನೀರಿಗೆ ಇಪ್ಪತ್ತೈದು ಮಾರು ಹಗ್ಗ!

“ಇಷ್ಟ್ಯಾಕ ತಾಂಡೇಲರೇ? ನಮ್ಮ ಬಾವಿಗೆ ಮೂರು ಮಾರು ನೀರಿದ್ದರ ನಾಲ್ಕು ಮಾರು ಹಗ್ಗ ಸಾಕಾಗತೈತಿ.”

“ಬಾವಿ ಓಡಿ ಹೋಗೂದಿಲ್ಲ ತಮಾ” ಎಂದರು ಅವರು.

ಹಗ್ಗವನ್ನು ಗೂಟಕ್ಕೆ ಬಿಗಿದ ಮೇಲೆ ಅದರ ಮೇಲೆ ಬರಿಗಾಲಿಟ್ಟು ಕೊಂಚ ಹೊತ್ತು ನಿಂತರು. ಕೊಕ್ಕೆ ಕೆಸರಿನಲ್ಲಿ ಜಾರುತ್ತಿದ್ದರೆ ಹಗ್ಗ ನಡುಗುತ್ತದಂತೆ; ಊರಿದ್ದರೆ ಸುಮ್ಮನೆ ಬಿಗಿಯಾಗುತ್ತದಂತೆ. ಬಳಿಕ ದಂಡೆಯ ಮೇಲೆ ಒಂದು ತೆಂಗಿನ ಮರವನ್ನೂ, ಅದರ ನೇರಕ್ಕೆ ಹಿಂದಿದ್ದ ಗುಡ್ಡದ ಒಂದು ಬಂಡೆಯನ್ನೂ ಗುರುತು ಹಿಡಿದರು. ಮರವೂ ಬಂಡೆಯೂ ಒಂದೇ ಸಾಲಿನಲ್ಲಿ ಕಾಣುವ ತನಕ ಹಡಗು ಇದ್ದಲ್ಲೇ ಇದೆ. ಅವು ಒಂದನ್ನೊಂದು ಬಿಟ್ಟು ಸರಿದರೆ ಲಂಗರು ಕಿತ್ತಿದೆ. ರಾತ್ರಿಗೆಂದು ಎರಡು ದೀಪಗಳನ್ನೂ ಗೊತ್ತು ಮಾಡಿಕೊಂಡರು. ಕೊನೆಗೆ ಸುತ್ತಲಿನ ಹಡಗುಗಳ ಕಡೆ ನೋಡಿದರು. ರಾತ್ರಿ ಗಾಳಿ ತಿರುಗಿದಾಗ ಹಗ್ಗದ ತುದಿಯ ಹಡಗು ಒಂದು ದೊಡ್ಡ ಸುತ್ತು ಹೊಡೆಯುತ್ತದೆ; ಆ ಸುತ್ತಿನೊಳಗೆ ಇನ್ನೊಬ್ಬರಿರಬಾರದು. ನಮಗಿಂತ ದಂಡೆಯ ಹತ್ತಿರ, ಧಕ್ಕೆಗೆ ಸಮೀಪವಾಗಿ ಇನ್ನೊಂದು ಮಚವೆ ನಿಂತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಾಲು ಇಳಿಸುವ ಅವಸರ ಅವರದು; ಇಕ್ಕಟ್ಟಿನಲ್ಲಿ ಹಗ್ಗವನ್ನು ಗಿಡ್ಡ ಮಾಡಿಕೊಂಡಿದ್ದರು. ತಾಂಡೇಲರು ತಲೆಯಾಡಿಸಿದರು; ಮಾತಾಡಲಿಲ್ಲ.

ಸಂಜೆಯ ಊಟದಲ್ಲಿ ಎರಡು ಸೀಮೆಗಳ ವಿನಿಮಯವಾಯಿತು. ಅವ್ವ ಕಟ್ಟಿಕೊಟ್ಟಿದ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಚಿಕ್ಕ ಖಲಾಸಿಯೊಬ್ಬ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಅನ್ನದ ಜೊತೆ ಮುರಿದುಕೊಂಡು ತಿಂದು, “ನಿಮ್ಮ ಹಪ್ಪಳಕ್ಕೆ ಉಪ್ಪೇ ಇಲ್ಲ” ಎಂದ. ಅವರ ಕುಚ್ಚಲಕ್ಕಿಯ ಗಂಜಿ ನನ್ನ ಸೋತ ಹೊಟ್ಟೆಗೆ ಅಮೃತವಾಯಿತು. ಕಂದೀಲು ಹಚ್ಚಿ ಮೂತಿಯ ಕಡೆ ಎತ್ತರಕ್ಕೆ ಕಟ್ಟಿದರು. ಒಬ್ಬ ಖಲಾಸಿ ಅದರ ಕೆಳಗೆ ಕುಳಿತ. ಉಳಿದವರು ಅಡ್ಡಾದರು.

ಕಡಲಗಾಳಿ ಬಿದ್ದುಹೋದ ಮೇಲೆ ಒಂದು ವಿಚಿತ್ರ ಹೊತ್ತು ಬರುತ್ತದೆ. ಅಲ್ಲಿಯ ತನಕ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದ ಹಡಗುಗಳು ಒಂದೊಂದು ಒಂದೊಂದು ಕಡೆ ನೋಡತೊಡಗುತ್ತವೆ. ಹಗ್ಗ ಸಡಿಲಾಗಿ ನೀರಿನಲ್ಲಿ ಇಳಿಬೀಳುತ್ತದೆ. ನಾನು ಹೆಂಚಿನ ಮೇಲೆ ಚಾಪೆ ಹಾಸಿ ಬಿದ್ದುಕೊಂಡು ನಕ್ಷತ್ರ ನೋಡುತ್ತಿದ್ದೆ. ಅಣ್ಣನ ನೆನಪಾಯಿತು. ನಾನು ಬೇಸಿಗೆಯಲ್ಲಿ ರೈಲು ಹತ್ತಿಬಿಟ್ಟರೆ ಅಪ್ಪ ನನ್ನ ಹೆಸರನ್ನೂ ತೆಗೆಯಬೇಡಿರೆಂದು ಹೇಳುವನು. ಆಮೇಲೆ ಅವ್ವ ಇಬ್ಬರ ಪಾಲಿನ ರೊಟ್ಟಿಯ ಲೆಕ್ಕ ತಪ್ಪುವಳು. ಇದನ್ನು ಎಣಿಸುತ್ತಲೇ ನಿದ್ದೆ ಹತ್ತಿತು.

ಕೂಗಿಗೆ ಎಚ್ಚರವಾಯಿತು. ಘಟ್ಟದ ಗಾಳಿ ಇಳಿದಿತ್ತು. ಕಾಳಿಯ ಕಣಿವೆಯ ಕಡೆಯಿಂದ ತಣ್ಣಗೆ, ಜೋರಾಗಿ ಬೀಸುತ್ತಿತ್ತು. ಆಕಾಶದ ನಕ್ಷತ್ರಗಳೆಲ್ಲ ತಿರುಗಿ ನಿಂತಂತೆ ಕಂಡಿತು, ತಿರುಗಿದವರು ನಾವು. ಎಲ್ಲ ಹಡಗುಗಳೂ ಈಗ ನೆಲದ ಕಡೆಗೆ ಮೂತಿ ಮಾಡಿದ್ದವು. ಆದರೆ ಎದುರಿನ ಮಚವೆಯ ದೀಪ ಇರಬೇಕಾದ ಜಾಗದಲ್ಲಿರಲಿಲ್ಲ. ಅದು ನಮ್ಮ ಕಡೆಗೆ ಮೆಲ್ಲಮೆಲ್ಲನೆ ಬರುತ್ತಿತ್ತು. ಕತ್ತಲಲ್ಲಿ, ಸದ್ದಿಲ್ಲದೆ, ಹಿಂದು ಮುಂದಾಗಿ ಬರುವ ಅಷ್ಟು ದೊಡ್ಡ ಮರದ ಮೈಯನ್ನು ಕಂಡು ನನ್ನ ಕಾಲುಗಳು ತಣ್ಣಗಾದವು.

ಅದರ ಮೇಲೆ ಇಬ್ಬರು ಹುಡುಗರು ಗಾಬರಿಯಾಗಿ ಲಂಗರಿನ ಹಗ್ಗವನ್ನು ಒಳಕ್ಕೆ ಜಗ್ಗುತ್ತಿದ್ದರು. ಹಡಗು ಓಡುತ್ತಿದೆಯೆಂದರೆ ಹಿಡಿದೆಳೆಯಬೇಕೆಂದು ಯಾರಿಗಾದರೂ ತೋರುವುದು ಸಹಜ. ನಾನಾದರೂ ಅದನ್ನೇ ಮಾಡುತ್ತಿದ್ದೆ. ನಮ್ಮ ತಾಂಡೇಲರು ಮೂತಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು: “ಸೋಡ್! ಸೋಡ್ ರೇ! ಸೋಡ್!” ಬಿಡು ಎಂದರ್ಥ. ಹಾಗೆ ಕೂಗುತ್ತ ನಮ್ಮ ಹಗ್ಗವನ್ನೂ ಇನ್ನಷ್ಟು ಬಿಡಿಸಿದರು. ನಾವು ಹಿಂದೆ ಸರಿದು ಅವರಿಗೆ ಜಾಗ ಕೊಟ್ಟೆವು. ಅಷ್ಟರಲ್ಲಿ ಆ ಹಡಗಿನ ಹಿರಿಯನೊಬ್ಬ ಎದ್ದು ಬಂದ. ಹುಡುಗರನ್ನು ಅತ್ತ ತಳ್ಳಿ ಹಗ್ಗವನ್ನು ಸಡಿಲ ಬಿಟ್ಟ. ಹತ್ತು ಮಾರು ಹೋಯಿತು. ಇನ್ನೂ ಹತ್ತು ಹೋಯಿತು. ಎರಡನೆಯ ಲಂಗರನ್ನೂ ನೀರಿಗಿಳಿಸಿದರು. ನಮ್ಮ ಮೂತಿಗೂ ಅದರ ಹಿಂಬದಿಗೂ ನಡುವೆ ಒಂದು ಬಂಡಿಯ ಉದ್ದ ಉಳಿದಿರುವಾಗ ಹಗ್ಗ ಬಿಗಿಯಾಯಿತು. ಹಡಗು ತಲೆಯೆತ್ತಿ ಗಾಳಿಗೆ ಎದುರಾಗಿ ನಿಂತಿತು. ಯಾರೂ ಮಾತಾಡಲಿಲ್ಲ. ಆಮೇಲೆ ಎರಡೂ ಹಡಗುಗಳಲ್ಲಿ ಬೀಡಿ ಹೊತ್ತಿಕೊಂಡವು.

ನನಗಿನ್ನು ನಿದ್ದೆ ಬರಲಿಲ್ಲ. ತಾಂಡೇಲರ ಪಕ್ಕದಲ್ಲಿ ಹೋಗಿ ಕುಳಿತೆ.

“ಓಡೂದನ್ನ ನಿಂದರಸಾಕ ಹಗ್ಗ ಬಿಡೂದಂದ್ರ ಹೆಂಗ್ರೀ?”

ಅವರು ಒಂದು ಹುರಿಯ ತುದಿಗೆ ಕೊಕ್ಕೆ ಕಟ್ಟಿ ಹಲಗೆಯ ಬಿರುಕಿಗೆ ಸಿಕ್ಕಿಸಿದರು. ಮೇಲಿನಿಂದ ಎಳೆದರು, ಕಿತ್ತು ಬಂತು. ಹುರಿ ಉದ್ದ ಬಿಟ್ಟು, ದೂರದಿಂದ ಅಡ್ಡಲಾಗಿ ಎಳೆದರು. ಕೊಕ್ಕೆ ಇನ್ನೂ ಒಳಗೆ ಕಚ್ಚಿತು. “ಲಂಗರು ಹಿಡಿಯೂದು ಭಾರದಿಂದ ಅಲ್ಲ ತಮಾ, ಎಳೆಯುವ ರೀತಿಯಿಂದ. ಹಗ್ಗ ಗಿಡ್ಡ ಆದ್ರೆ ಹಡಗೇ ಲಂಗರನ್ನ ಮೇಲಕ್ಕೆತ್ತುತ್ತದೆ. ಎತ್ತಿದ ಮೇಲೆ ಅದು ಲಂಗರಲ್ಲ, ಬರೀ ಕಬ್ಬಿಣ. ಸಂಜೆ ಇಳಿತ ಇತ್ತು; ಅವರ ಹಗ್ಗ ಸಾಕಾಯ್ತು. ನಡುರಾತ್ರೆ ಭರತ ಬಂತು, ನೀರು ಐದಾರು ಅಡಿ ಏರಿತು. ಮೇಲಿಂದ ಗಾಳಿ ತಿರುಗಿತು. ಹಗ್ಗ ಮಾತ್ರ ಅಷ್ಟೇ ಇತ್ತು.”

“ಹಂಗಾದರ ಬೇಕಾದಷ್ಟು ಬಿಟ್ಟುಬಿಡೂದು?”

“ಬಿಟ್ಟು ಮಲಗೂದಲ್ಲ. ತಳ ನೋಡಬೇಕು, ಹಗ್ಗ ಬಿಡಬೇಕು, ಒಬ್ಬ ಎಚ್ಚರ ಇರಬೇಕು. ಮೂರೂ ಬೇಕು.”

ಮರುದಿನ ಧಕ್ಕೆಯಲ್ಲಿ ಇಳಿದು, ಯಲ್ಲಾಪುರದ ಬಸ್ಸು ಹಿಡಿದು, ಅರಬೈಲು ಘಟ್ಟ ಏರಿ ಊರಿಗೆ ಬಂದೆ. ರಾತ್ರಿ ಊಟಕ್ಕೆ ಕುಳಿತಾಗ ಕಂಡದ್ದನ್ನೆಲ್ಲ ಹೇಳಿದೆ. ಅಣ್ಣನ ಹೆಸರು ತೆಗೆಯಲಿಲ್ಲ, ರೈಲಿನ ಹೆಸರನ್ನೂ ತೆಗೆಯಲಿಲ್ಲ. ಲಂಗರಿನ ಸುದ್ದಿ ಮಾತ್ರ ಹೇಳಿದೆ. ಅಪ್ಪ ಕೈತೊಳೆದು, ಎಲೆ ಅಡಿಕೆ ಹಾಕಿಕೊಂಡು ಹೇಳಿದ: “ಇಷ್ಟು ತಿಳಕೊಳ್ಳಾಕ ಕಾರವಾರಕ್ಕ ಹೋಗಬೇಕಾಗಿತ್ತೇನು? ಎತ್ತಿನ ಹಗ್ಗ ಗಿಡ್ಡ ಕಟ್ಟಿದರ ಗೂಟಾ ಕಿತಗೊಂಡು ಹೊಕ್ಕೈತಿ. ಹಕ್ಕಿಯೊಳಗ ಹುಟ್ಟಿದ ಹುಡುಗರಿಗೂ ಗೊತ್ತೈತಿ ಇದು.”

ಹೇಳಿದವನು ತಾನೇ ಸುಮ್ಮನಾದ. ಒಳಗೆ ಅವ್ವ ಪಾತ್ರೆ ಸರಿಸುವ ಸದ್ದು ನಿಂತಿತು. ಅಪ್ಪ ಎದ್ದು ದನದ ಹಕ್ಕಿಯ ಕಡೆಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಎರಡು ದಿನ ಕಳೆದ ಮೇಲೆ, ಹೊಲದಲ್ಲಿ ಹತ್ತಿ ಬಿಡ��ಸುವಾಗ, ನನ್ನ ಮುಖ ನೋಡದೆ ಕೇಳಿದ: “ಮುಂಬೈಯಾಂವನ ಪತ್ತೆ ನಿನ್ನ ಕಡೆ ಐತೇನು?”

“ಐತಿ.”

“ಒಂದು ಕಾರ್ಡ ಬರಿ. ಹತ್ತಿ ಚೊಲೊ ಬಂದೈತಿ ಅಂತ ಬರಿ. ಕೆಂದ ಆಕಳ ಕರಾ ಹಾಕೈತಿ ಅಂತ ಬರಿ. ಬಾ ಅಂತ ಬರೀಬ್ಯಾಡ. ಬಂದರ ಬರಲಿ.”

ಆ ಕಾರ್ಡಿನಲ್ಲಿ ನಾಲ್ಕು ಸಾಲು ಬರೆದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಎರಡೂ ಮಗ್ಗುಲು ತಿರುಗಿಸಿ ನೋಡಿ, ತಾನೇ ಹುಬ್ಬಳ್ಳಿಗೆ ಹೋಗಿ ಡಬ್ಬಿಗೆ ಹಾಕಿ ಬಂದ. ಅಣ್ಣ ಆ ವರುಷ ಬರಲಿಲ್ಲ. ಮರುವರುಷ ದೀಪಾವಳಿಗೆ ಬಂದ. ಬಂದವನು ಎಂಟು ದಿನವಿದ್ದು ಹೊರಟಾಗ ಅಪ್ಪ ತಡೆಯಲಿಲ್ಲ. ಕೆರೆಯ ಏರಿಯ ತನಕ ಹೋಗಿ ಕಳಿಸಿ ಬಂದ. ಆಮೇಲೆ ಅವನು ತಪ್ಪದೆ ವರುಷಕ್ಕೊಮ್ಮೆ ಬರುತ್ತಿದ್ದ. ನಾನೋ, ಹೋಗಬೇಡವೆನ್ನುವವರು ಇಲ್ಲವಾದ ಮೇಲೆ, ಎಲ್ಲಿಗೂ ಹೋಗಲಿಲ್ಲ. ಹುಬ್ಬಳ್ಳಿಯಲ್ಲಿಯೇ ಮಾಸ್ತರಿಕೆ ಮಾಡಿ, ಉಣಕಲ್ಲಿನ ಮನೆಯಲ್ಲಿಯೇ ಮುದುಕನಾದೆ.

ಬೈತಖೋಲಕ್ಕೆ ಆಮೇಲೆಯೂ ಹಲವು ಸಲ ಹೋಗಿದ್ದೇನೆ. ಹಾಯಿಯ ಮಚವೆಗಳು ಕಣ್ಮರೆಯಾದವು. ಹೆಂಚು ಲಾರಿ ಹತ್ತಿತು. ಈಗ ಅಲ್ಲಿ ಯಂತ್ರದ ಮೀನುಗಾರಿಕೆಯ ದೋಣಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ತೆಂಕಣಕ್ಕೆ ಅರಗಾದ ಹತ್ತಿರ ನೌಕಾಪಡೆಯ ‘ಕದಂಬ’ ನೆಲೆ 2005ರಲ್ಲಿ ಆಯಿತು. ಅಂಜದೀವವೂ ಅದರೊಳಗೆ ಸೇರಿತು. 1998ರಲ್ಲಿ ಕೊಂಕಣ ರೈಲು ಬಂತು. ಎಷ್ಟು ದೊಡ್ಡ ಹಡಗಾದರೂ, ಎಷ್ಟು ಕುದುರೆಗಳ ಯಂತ್ರವಿದ್ದರೂ, ನಿಲ್ಲಬೇಕಾದಾಗ ಮಾಡುವುದು ಮಾತ್ರ ಅದನ್ನೇ: ತಳ ನೋಡುವುದು, ನೀರಿನ ಆಳಕ್ಕಿಂತ ಹಲವು ಪಟ್ಟು ಸರಪಳಿ ಬಿಡುವುದು, ಒಬ್ಬನನ್ನು ಕಾವಲಿಗಿಡುವುದು. ಈ ಮೂರರಲ್ಲಿ ಯಾವುದನ್ನೂ ಯಾವ ಯಂತ್ರವೂ ಬೇಡವೆನಿಸಿಲ್ಲ.

ತಾಂಡೇಲರ ಮೂರು ಮಾತುಗಳಲ್ಲಿ ಎರಡನೆಯದನ್ನು ಅಪ್ಪ ಕಲಿತದ್ದನ್ನು ಕಂಡೆ. ಮೂರನೆಯದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಮೂರು ವರುಷವೂ ನಮ್ಮ ಮನೆಯಲ್ಲಿ ಎಚ್ಚರವಿದ್ದವಳು ಅವ್ವ. ಹೆಚ್ಚಿನ ರೊಟ್ಟಿ ಲೆಕ್ಕ ತಪ್ಪಿ ಆದದ್ದಲ್ಲ. ಅದು ಮೂತಿಗೆ ಕಟ್ಟಿದ ಕಂದೀಲು.

ಈಗ ನನ್ನ ಮಗಳು ಸಮುದ್ರಗಳ ಆಚೆಯ ದೇಶದಲ್ಲಿದ್ದಾಳೆ. ಮುತ್ತಜ್ಜ ಹೇಳಿದ ಆ ಕಾಣದ ಆಚೆಯ ದಂಡೆ ಅದೇ ಇರಬೇಕು. ಅಲ್ಲಿಯ ಹಗಲು ನಮಗೆ ರಾತ್ರಿ. ಅವಳು ಕೆಲಸದ ನಡುವೆ ಬಿಡುವಾದಾಗ ಫೋನು ಮಾಡುತ್ತಾಳೆ. ಬಿಡುವಾಗದ ದಿನ ಮಾಡುವುದಿಲ್ಲ. ಯಾಕೆ ಮಾಡಲಿಲ್ಲವೆಂದು ನಾವು ಕೇಳುವುದಿಲ್ಲ. ನನ್ನ ಹೆಂಡತಿಯೂ ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಒಂದು ರಾತ್ರಿ ಫೋನು ಅವಳ ದಿಂಬಿನ ಹತ್ತಿರ, ಒಂದು ರಾತ್ರಿ ನನ್ನ ದಿಂಬಿನ ಹತ್ತಿರ. ವಯಸ್ಸಾದವರಿಗೆ ಹೇಗೂ ನಿದ್ದೆ ಕಡಿಮೆ ಎಂದು ಜನ ಹೇಳುತ್ತಾರೆ, ಅದೂ ನಿಜವೇ.